ಗಾರೆ ಪಟ್ಟಿ

ಸೊಲೊಲಾಕಿಯ ಈ ಏರುಬೀದಿಗೆ
ಬಿಸಿಲು ಬರುವುದೇ ಹತ್ತೂವರೆಗೆ.
ಎದುರುಮನೆಯ ತಗಡಿನ ಮಾಡು ದಾಟಿ
ಮೊದಲು ಮೂರನೇ ಮಹಡಿಯ ಮರದ ಜಾಲರಿ,
ಆಮೇಲೆ ರಾಟೆಹಗ್ಗದಲ್ಲಿ ಒಣಗುವ ಬನಿಯನ್ನು,
ಕೊನೆಗೆ ಗೋಡೆ ಬೀಳದಂತೆ ಆನಿಸಿಟ್ಟ ಕಬ್ಬಿಣದ ತೊಲೆ.
ಇಪ್ಪತ್ತು ನಿಮಿಷ. ಅಷ್ಟೇ.
ಆಮೇಲೆ ನೆರಳು ಬಾಕಿ ವಸೂಲಿಗೆ ಬರುತ್ತದೆ.

ನನ್ನದು ಅಪ್ಪನ ಹಳೇ ಝೆನಿತ್.
ಒತ್ತಿದರೆ ಯಾರೋ ಸಿಟ್ಟಿನಲ್ಲಿ
ಬಾಗಿಲು ಬಡಿದಂಥ ಸದ್ದು.
ಕದ್ದು ತೆಗೆಯುವ ಮಾತೇ ಇಲ್ಲ,
ಇಡೀ ತಿಬಿಲಿಸಿಗೆ ಗೊತ್ತಾಗುತ್ತದೆ.

"ನಗರಸಭೆಯವನಾ?"
ಮೇಲಿಂದ ಕೇಳಿದ ವಾಝಾ, ಹಲ್ಲುಜ್ಜುತ್ತ.
ಅಲ್ಲ ಎಂದೆ.
ಅವರು ಯಾವಾಗಲೂ ಹಾಗೇ ಹೇಳುವುದಂತೆ.
ಇಳಿದು ಬಂದ, ಬಾಯ ನೊರೆ ಒರೆಸಿಕೊಂಡು,
ಸೋರುವ ಕೊಳವೆ ತೋರಿಸಿದ, ಕುಸಿದ ಮೆಟ್ಟಿಲು ತೋರಿಸಿದ,
ಮತ್ತೆ ಕೊಳವೆ ತೋರಿಸಿದ.
"ಈ ಕಡೆಯಿಂದಲೂ ತೆಗಿ."
ನಾನು ಬಂದದ್ದು ಹೊಸ್ತಿಲ ಹೆಂಚಿನಲ್ಲಿ ಕೂರಿಸಿದ
ಸ್ವಾಗತದ ಪದಕ್ಕೆ;
ನೂರು ವರ್ಷದ ಪಾದಗಳು ಅದರಲ್ಲೆರಡು ಅಕ್ಷರ ತಿಂದಿವೆ.
ಮೂವತ್ತಾರರ ಸುರುಳಿಯಲ್ಲಿ
ಹನ್ನೊಂದು ಕೊಳವೆಗೇ ಹೋಯಿತು.

ಎರಡನೇ ಮಹಡಿಯ ಪಡಸಾಲೆಯಲ್ಲಿ ಬಿರುಕು.
ಬಳಪದ ಗೀಟಿನಂತೆ ಶುರುವಾಗಿ
ಕಿಟಕಿಯ ಮೂಲೆಗೆ ಬರುವಷ್ಟರಲ್ಲಿ ಬೆರಳು ಹಿಡಿಸುತ್ತದೆ.
ಅದಕ್ಕಡ್ಡವಾಗಿ ಒಂದು ಗಾರೆ ಪಟ್ಟಿ,
ಮೇಲೆ ಎಂಜಿನಿಯರು ಗೀರಿದ ತಾರೀಕು.
ಪಟ್ಟಿ ಒಡೆದರೆ ಮನೆ ಸರಿಯುತ್ತಿದೆ ಎಂದು ಲೆಕ್ಕ.
ಮನೆ ಸರಿದರೆ ಮನೆಯವರೂ ಸರಿಯಬೇಕು,
ಊರಾಚೆ, ಲಿಫ್ಟು ಕೆಟ್ಟ ಹದಿನಾರು ಮಹಡಿಗೆ.

ಒಡೆದಿತ್ತು. ಕೂದಲೆಳೆಯಷ್ಟು.
ಓರೆಬಿಸಿಲು ಆ ಎಳೆಯನ್ನು
ಸೂಜಿಗೆ ಪೋಣಿಸುವಂತೆ ಎತ್ತಿ ಹಿಡಿದಿತ್ತು.
ಇಂಥದ್ದಕ್ಕೇ ಅಲ್ಲವೆ ಬೀದಿ ಸವೆಸುವುದು.
ಉಸಿರು ಕಟ್ಟಿದೆ. ಬಾಗಿಲು ಬಡಿಯಿತು.

ಆಮೇಲೆ ನಿಜವಾದ ಬಾಗಿಲು ತೆರೆಯಿತು.
ತ್ಸಿಯಾಲ. ಎಂಬತ್ತರ ಹತ್ತಿರ. ಮೊಣಕೈವರೆಗೆ ಹಿಟ್ಟು.
ನನ್ನ ನೋಡಲಿಲ್ಲ, ಪಟ್ಟಿ ನೋಡಿದಳು.
"ರಾತ್ರಿ ಇರಲಿಲ್ಲ" ಎಂದಳು,
ಹಾಲು ಒಡೆಯಿತು ಎನ್ನುವ ದನಿಯಲ್ಲಿ.
ಒಳಗಿಂದ ಬಟ್ಟಲು ತಂದಳು, ಕಲಸಿದ ಗಾರೆ, ಒಂದು ಚಮಚ.
ಹಳೆಯದನ್ನು ಕೆರೆದು, ಹೊಸದನ್ನು ಸವರಿ,
ಹಸಿಯಿರುವಾಗಲೇ ತಲೆಯ ಪಿನ್ನು ಕಿತ್ತು ಬರೆದಳು
ಅದೇ ತಾರೀಕು,
ಆ ಎಂಜಿನಿಯರನದೇ ಬಾಲ ಸುತ್ತಿದ ಒಂಬತ್ತು.

ಇದು ಎಷ್ಟನೆಯದು, ಕೇಳಿದೆ.
"ಏಳು ಬರೆಯಲು ನನ್ನ ಕೈ ಬಗ್ಗದು.
ಪುಣ್ಯಕ್ಕೆ ಅವನು ಏಳರಂದು ಬಂದಿರಲಿಲ್ಲ."

ಬಿಸಿ ಬ್ರೆಡ್ಡಿನ ತುಂಡು ಕೊಟ್ಟಳು,
ತಿನ್ನುವಾಗ ಹಲ್ಲಿಗೆ ಏನೋ ಕರಕರ,
ಗಾರೆಯೋ ಉಪ್ಪೋ, ಕೇಳಲಿಲ್ಲ.
"ನನ್ನದೂ ಒಂದು ತೆಗಿ" ಎಂದು
ಗೋಡೆಗೆ ಬೆನ್ನಾಗಿ ನಿಂತಳು.
ಒಂದು ಹೆಜ್ಜೆ ಎಡಕ್ಕೆ ಎಂದೆ, ಬೆಳಕಿಗಾಗಿ.
ಕದಲಲಿಲ್ಲ.
ಪಟ್ಟಿ ಅವಳ ಹೆಗಲ ಹಿಂದೆ ಒಣಗುತ್ತಿತ್ತು.

ರಾತ್ರಿ ಬಚ್ಚಲಲ್ಲಿ, ಕೆಂಪು ಬಲ್ಬಿನಡಿ,
ತಟ್ಟೆಯ ನೀರಲ್ಲಿ ಮೊದಲು ಬಿರುಕು ಎದ್ದಿತು,
ಆಮೇಲೆ ಪಟ್ಟಿ, ಕಟ್ಟಕಡೆಗೆ ಆ ಎಳೆ.
ಇಷ್ಟು ವರ್ಷದಲ್ಲಿ ನಾನು ತೆಗೆದದ್ದರಲ್ಲಿ ಇದೇ ಮೇಲು.
ವೆರಾದ ಗ್ಯಾಲರಿಯ ನಾತೆಲಾ ಹೇಳಿದ್ದಾಳೆ,
ಚಿತ್ರದ ಕೆಳಗೆ ಬೀದಿ, ಮನೆ ನಂಬರು ಇರಲಿ,
ಜನಕ್ಕೆ ಇಷ್ಟವಾಗುತ್ತದೆ.

ಗೋಡೆಗೆ ಹೋದದ್ದು ತ್ಸಿಯಾಲಳ ಚಿತ್ರ.
ಹಿನ್ನೆಲೆ ಏನೂ ಕಾಣುವುದಿಲ್ಲ ಎಂದರು ಕೆಲವರು.
ಇನ್ನೊಂದನ್ನು ಲಕೋಟೆಗೆ ಹಾಕಿ ಅಂಟಿಸಿದೆ.
ಮೇಲೆ ದಿನ ನಮೂದಿಸುವುದು ನನ್ನ ಅಭ್ಯಾಸ.
ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ,
ಆಮೇಲೆ ಒಂಬತ್ತಕ್ಕೆ ಬಾಲ ಸುತ್ತಿದೆ.

ನಗರಸಭೆಗೆ ಕೊಟ್ಟದ್ದು ಕೊಳವೆಯ ಹನ್ನೊಂದು.
ಕೌಂಟರಿನ ಹೆಂಗಸು ಒಂದೊಂದನ್ನೂ
ಕಿಟಕಿಯತ್ತ ಹಿಡಿದು ನಿಧಾನಕ್ಕೆ ನೋಡಿ
"ಬೆಳಕು ಚೆನ್ನಾಗಿದೆ" ಎಂದಳು.